ಬುಲೆಟ್ಟಿನ ಭಾರ, ಸವಾರನ ಸುಖ

ಮದರಾಸಿನಲ್ಲಿ ಮೋಟಾರು ಸೈಕಲ್ಲಿನ ಮಾತು ಬಂದಲ್ಲಿ ತೂಕದ ಮಾತು ಬಾರದೆ ಹೋಗುವುದಿಲ್ಲ. ಬುಲೆಟ್ ಎಂಬ ಭಾರೀ ವಾಹನವು 1955ರಿಂದಲೂ ಈ ನಗರದ ಆಸುಪಾಸಿನಲ್ಲೇ ಸಿದ್ಧವಾಗುತ್ತ ಬಂದಿರುವುದರಿಂದ, ಗಂಡಾಳಿನ ಗಾಡಿಯೆಂದರೆ ಭಾರವಾಗಿಯೇ ಇರಬೇಕೆಂಬ ನಂಬಿಕೆ ಇಲ್ಲಿಯ ಗಾಳಿಯಲ್ಲಿಯೇ ಬೆರೆತಿದೆ. ನಮ್ಮ ಹೋಟೆಲುಗಳ ಅಡಿಗೆಮನೆಯಲ್ಲಿಯೂ ಕಚೇರಿಗಳ ಮೇಜುಗಳ ನಡುವೆಯೂ, ಸಂಬಳದಲ್ಲಿ ಒಂದಿಷ್ಟು ಉಳಿಸಿ ಮೊದಲ ವಾಹನವನ್ನು ಕೊಳ್ಳಹೊರಟ ತರುಣರು ಕೇಳುವ ಪ್ರಶ್ನೆಯೂ ಇದೇ: ಭಾರವಾದುದನ್ನು ಕೊಳ್ಳುವುದೆ, ಹಗುರವಾದುದನ್ನು ಕೊಳ್ಳುವುದೆ?

ಪ್ರಶ್ನೆ ಸಣ್ಣದಲ್ಲ. 350 ಸಿ.ಸಿ.ಯ ವಾಹನವೊಂದಕ್ಕೆ ಎರಡು ಲಕ್ಷ ರೂಪಾಯಿಗಳ ಆಸುಪಾಸು ತೆರಬೇಕು. ಕುಂದಾಪುರದ ಕಡೆಯಿಂದ ಮಾಣಿಯಾಗಿ ಬಂದು, ಹತ್ತು ವರ್ಷ ಮೇಜು ಒರೆಸಿ, ಬಡಿಸಿ, ಕೊನೆಗೆ ಗಲ್ಲಾದಲ್ಲಿ ಕೂರುವ ಮಟ್ಟಕ್ಕೆ ಏರಿದವನಿಗೆ ಅದು ಮೂರು ನಾಲ್ಕು ವರ್ಷಗಳ ಕಂತು. ಊರಿನ ಮನೆಗೆ ಹೋಗಬೇಕಾಗಿದ್ದ ಹಣ. ಅಷ್ಟು ತೆತ್ತು ತಂದ ವಾಹನವು ಬಾಡಿಗೆ ಮನೆಯ ಮೆಟ್ಟಿಲ ಬಳಿ ಧೂಳು ಹಿಡಿದು ನಿಂತಿರುವುದನ್ನೂ, ಅದರ ಒಡೆಯನು ಮೊದಲಿನಂತೆಯೇ ಬಸ್ಸಿಗೆ ಕಾಯುತ್ತಿರುವುದನ್ನೂ ನಾವು ಕಂಡಿದ್ದೇವೆ. ಕಾರಣ ಕೇಳಿದರೆ ಪೆಟ್ರೋಲಿನ ಬೆಲೆ ಎನ್ನುತ್ತಾರೆ. ನಿಜವಾದ ಕಾರಣ ಅನೇಕ ವೇಳೆ ಬೇರೆ. ಆ ವಾಹನವನ್ನು ಸಂದಿಯಿಂದ ಹೊರಗೆಳೆಯಲು, ಗಲ್ಲಿಯಲ್ಲಿ ತಿರುಗಿಸಲು, ಸಿಗ್ನಲಿನಲ್ಲಿ ಒಂದು ಕಾಲಿನ ಮೇಲೆ ನಿಲ್ಲಿಸಿಕೊಳ್ಳಲು ಅವರಿಗೆ ಅಂಜಿಕೆ. ಅಂಜಿಕೆಯನ್ನು ಬಾಯಿಬಿಟ್ಟು ಹೇಳಲು ಸಂಕೋಚ.

ಆದುದರಿಂದ ಈ ತೂಕದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ವಾಹನದ ತೂಕವೆಂಬುದು ಓಡುವಾಗ ಒಂದು ಗುಣವನ್ನೂ ನಿಂತಾಗ ಅದಕ್ಕೆ ತೀರ ವಿರುದ್ಧವಾದ ಗುಣವನ್ನೂ ತೋರಿಸುತ್ತದೆ. ಆ ಎರಡರಲ್ಲಿ ಯಾವುದರ ಜೊತೆ ತನ್ನ ದಿನ ಕಳೆಯುವುದೆಂಬುದನ್ನು ಕೊಳ್ಳುವವನು ಮೊದಲು ಲೆಕ್ಕ ಹಾಕಬೇಕು.

ತಿರುವೊಟ್ಟಿಯೂರು ಮತ್ತು ಯಾದವಗಿರಿ

ಬುಲೆಟ್ಟಿನ ಹುಟ್ಟೂರು ಇಂಗ್ಲೆಂಡಿನ ರೆಡ್ಡಿಚ್. 1950ರ ದಶಕದಲ್ಲಿ ನಮ್ಮ ಸೈನ್ಯವು ಗಡಿಯ ಕಾವಲಿಗೆಂದು ಈ ವಾಹನವನ್ನು ಆರಿಸಿಕೊಂಡಿತು. ಅದರ ಬೆನ್ನಿಗೇ 1955ರಲ್ಲಿ ರೆಡ್ಡಿಚ್ಚಿನ ಕಂಪೆನಿಯೂ ಇಲ್ಲಿಯ ಮದರಾಸ್ ಮೋಟಾರ್ಸ್ ಸಂಸ್ಥೆಯೂ ಕೂಡಿ ಎನ್‌ಫೀಲ್ಡ್ ಇಂಡಿಯಾ ಕಂಪೆನಿಯನ್ನು ಸ್ಥಾಪಿಸಿದವು. ನಗರದ ಉತ್ತರಕ್ಕೆ, ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಎದ್ದಿತು. ಮೊದಮೊದಲು ಬಿಡಿಭಾಗಗಳು ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. 1962ರ ಹೊತ್ತಿಗೆ ಭಾಗಗಳೂ ಈ ದೇಶದಲ್ಲಿಯೇ ತಯಾರಾಗತೊಡಗಿದವು. ಇಂಗ್ಲೆಂಡಿನ ಮೂಲ ಕಂಪೆನಿ ಮುಚ್ಚಿಹೋಯಿತು, ಮದರಾಸಿನ ಮಗು ಬದುಕಿತು. 1994ರಲ್ಲಿ ಅದು ಐಷರ್ ಸಂಸ್ಥೆಯಲ್ಲಿ ವಿಲೀನವಾಯಿತು. ಮುಂದೆ 2013ರಲ್ಲಿ ಒರಗಡಂನಲ್ಲಿ, 2017ರಲ್ಲಿ ವಲ್ಲಂ ವಡಗಾಲ್‌ನಲ್ಲಿ ದೊಡ್ಡ ಕಾರ್ಖಾನೆಗಳು ಬಂದವು.

ಕನ್ನಡನಾಡಿನವರಾದ ನಮಗೆ ಇನ್ನೊಂದು ಕಾರ್ಖಾನೆಯ ನೆನಪೂ ಇದೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪೆನಿಯು 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ವಾಹನವನ್ನು ತಯಾರಿಸಲು ಆರಂಭಿಸಿತು. ಅದೇ ಮುಂದೆ ಯೆಜ್ಡಿ ಎನಿಸಿ 1996ರವರೆಗೂ ಆ ಕಾರ್ಖಾನೆಯಿಂದ ಹೊರಬಂದಿತು. 250 ಸಿ.ಸಿ.ಯ ಆ ಎಂಜಿನು ಎರಡು ಸ್ಟ್ರೋಕಿನದು. ವಾಲ್ವುಗಳಿಲ್ಲ, ವಾಲ್ವುಗಳನ್ನು ಎತ್ತಿಳಿಸುವ ಕಡ್ಡಿಗಳಿಲ್ಲ. ಒಳಗೆ ತಿರುಗುವ ಭಾಗಗಳು ಕಡಿಮೆ. ಕಾಲಿನಿಂದ ಒದ್ದು ಚಾಲೂ ಮಾಡುವ ಸನ್ನೆಯನ್ನೇ ಮಡಿಸಿ ಗೇರು ಹಾಕುವ ಸನ್ನೆಯನ್ನಾಗಿ ಮಾಡಿಕೊಂಡ ಮಿತವ್ಯಯದ ಯಂತ್ರ ಅದು. ಸಹಜವಾಗಿಯೇ ಅದು ಬುಲೆಟ್ಟಿಗಿಂತ ಹಗುರ. ಮೈಸೂರಿನವರು ಜಾವಾದ ಪಕ್ಷ, ಮದರಾಸಿನವರು ಬುಲೆಟ್ಟಿನ ಪಕ್ಷ. ಈ ವಾದ ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟು ಕಾಫಿಯನ್ನು ಆರಿಸಿತೆಂಬುದಕ್ಕೆ ಲೆಕ್ಕವಿಲ್ಲ. ವಾದದ ತಿರುಳು ಮಾತ್ರ ತೂಕವೇ ಆಗಿತ್ತು.

ತೂಕವನ್ನು ಅಂಕಿಗಳಲ್ಲಿ ಹೇಳುವಾಗ ಒಂದು ಎಚ್ಚರ ಬೇಕು. ಹಿಂದೆ ಕಂಪೆನಿಗಳು ಬಹುಮಟ್ಟಿಗೆ ಒಣ ತೂಕವನ್ನು ಅಚ್ಚು ಹಾಕಿಸುತ್ತಿದ್ದವು. ಎಂದರೆ ಪೆಟ್ರೋಲಿಲ್ಲದೆ, ಎಣ್ಣೆಯಿಲ್ಲದೆ ತೂಗಿದ ತೂಕ. ರಸ್ತೆಗೆ ಸಿದ್ಧವಾದ ವಾಹನದ ತೂಕವನ್ನು ಕರ್ಬ್ ತೂಕ ಎನ್ನುತ್ತಾರೆ. ಕೇಳಬೇಕಾದುದು ಈ ಎರಡನೆಯದನ್ನು. ಈಗಿನ ಕ್ಲಾಸಿಕ್ 350 ವಾಹನದ ಕರ್ಬ್ ತೂಕ 195 ಕಿಲೋ. ಅದೇ ಕಂಪೆನಿಯ ಹಂಟರ್ 350 ಸುಮಾರು 181 ಕಿಲೋ; ಸೂಪರ್ ಮೀಟಿಯರ್ 650 ಎಂಬುದು 241 ಕಿಲೋ. ನಮ್ಮ ಗುಮಾಸ್ತ ಬಂಧುಗಳಲ್ಲಿ ಅನೇಕರು ಏರುವ ಸ್ಪ್ಲೆಂಡರ್ 112 ಕಿಲೋ. 1985ರಿಂದ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಈ ದೇಶದ ತರುಣರನ್ನು ಮರುಳು ಮಾಡಿದ ಯಮಹಾ ಆರ್.ಎಕ್ಸ್. 100 ಸುಮಾರು ನೂರು ಕಿಲೋ. ಅದರ ಶಕ್ತಿ 11 ಕುದುರೆ. ಹಳೆಯ ಬುಲೆಟ್ 350ರ ಶಕ್ತಿ 18 ಕುದುರೆ. ತೂಕ ನೂರ ಅರುವತ್ತು ಕಿಲೋವನ್ನು ಮೀರಿದ್ದಿತು. ಭಾಗಿಸಿ ನೋಡಿದರೆ ಎರಡಕ್ಕೂ ಕಿಲೋ ಒಂದಕ್ಕೆ ಬಂದ ಶಕ್ತಿ ಹೆಚ್ಚು ಕಡಿಮೆ ಸಮವೇ. ಆದರೂ ಒಂದನ್ನು ಏರಿದವನು ಹಾರಿದೆನೆಂದನು, ಇನ್ನೊಂದನ್ನು ಏರಿದವನು ತೇಲಿದೆನೆಂದನು. ಇಷ್ಟರಿಂದಲೇ ಸವಾರಿಯ ಸುಖವು ಭಾಗಾಕಾರದ ಲೆಕ್ಕವಲ್ಲವೆಂಬುದು ಗೊತ್ತಾಗುತ್ತದೆ.

ಸಿಲಿಂಡರು ಉರುಳಿಸಿದವನು ಬಲ್ಲ

ನಿಂತ ವಾಹನದ ತೂಕವನ್ನು ಅರಿಯಲು ನಮ್ಮ ಹೋಟೆಲಿನವರಿಗೆ ಪುಸ್ತಕ ಬೇಕಾಗಿಲ್ಲ. ಅಡಿಗೆಮನೆಗೆ ಬರುವ 19 ಕಿಲೋ ಅನಿಲದ ದೊಡ್ಡ ಸಿಲಿಂಡರನ್ನು ಅವರು ಎತ್ತಿ ತರುವುದಿಲ್ಲ. ಓರೆ ಮಾಡಿ, ಅದರ ಅಡಿಯ ಬಳೆಯ ಮೇಲೆ ಉರುಳಿಸಿ ತರುತ್ತಾರೆ. ನೆಟ್ಟಗೆ ನಿಂತಿರುವವರೆಗೆ ಅದಕ್ಕೆ ಭಾರವೇ ಇಲ್ಲ. ಸ್ವಲ್ಪ ಓರೆಯಾದಾಗ ಒಂದು ಕೈ ಸಾಕು. ಇನ್ನೂ ಓರೆಯಾದರೆ ಎರಡು ಕೈಯೂ ಸೊಂಟವೂ ಬೇಕು. ಒಂದು ಮಿತಿಯನ್ನು ದಾಟಿತೆಂದರೆ ಕಾಲ್ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳುವುದೊಂದೇ ದಾರಿ.

ಮೋಟಾರು ಸೈಕಲ್ಲಿನ ಕಥೆಯೂ ಅಕ್ಷರಶಃ ಅದೇ. ಅದರ ಗುರುತ್ವಕೇಂದ್ರವು ನೆಲದಿಂದ ಸುಮಾರು ಐವತ್ತೈದು ಸೆಂಟಿಮೀಟರು ಮೇಲಿದೆಯೆಂದೂ, ಪಕ್ಕದಲ್ಲಿ ನಿಂತವನು ಒಂದು ಮೀಟರು ಎತ್ತರದಲ್ಲಿರುವ ಹಿಡಿಯನ್ನು ಹಿಡಿದಿರುವನೆಂದೂ ಇಟ್ಟುಕೊಂಡು ಸ್ಥೂಲವಾಗಿ ಲೆಕ್ಕ ಹಾಕಿದರೆ, 195 ಕಿಲೋದ ವಾಹನವು ಹತ್ತು ಡಿಗ್ರಿ ಓರೆಯಾದಾಗ ಕೈಗೆ ಬೀಳುವ ಹೊರೆ ಸುಮಾರು 19 ಕಿಲೋ. ಇಪ್ಪತ್ತು ಡಿಗ್ರಿಗೆ ಅದು 37, ಮೂವತ್ತಕ್ಕೆ 54. ಸ್ಪ್ಲೆಂಡರಿನಂಥ 112 ಕಿಲೋದ ವಾಹನಕ್ಕೆ ಇದೇ ಲೆಕ್ಕದಲ್ಲಿ 11, 21, 31. ಎಂದರೆ ಹಗುರವಾದ ವಾಹನವು ಮೂವತ್ತು ಡಿಗ್ರಿ ವಾಲಿದ ಮೇಲೂ ಒಬ್ಬ ಸಾಧಾರಣ ಆಳು ಅದನ್ನು ಮರಳಿ ನಿಲ್ಲಿಸಬಲ್ಲ. ಭಾರವಾದುದು ಇಪ್ಪತ್ತನ್ನು ದಾಟಿತೆಂದರೆ ಅದರ ಇಚ್ಛೆಗೆ ಬಿಡಬೇಕಾಗುತ್ತದೆ. ಅಂಜಿಕೆ ಹುಟ್ಟುವ ಸ್ಥಳ ಇದೇ. ಅದು ಹೇಡಿತನವಲ್ಲ, ತೋಳುಗಳು ಮಾಡಿದ ಲೆಕ್ಕ.

ಆದರೆ ತೂಕದಷ್ಟೇ ಮುಖ್ಯವಾದುದು ಆ ತೂಕ ಎಲ್ಲಿ ಕುಳಿತಿದೆಯೆಂಬುದು. ಕೊಡವನ್ನು ಸೊಂಟದ ಮೇಲಿಟ್ಟು ನಡೆಯುವುದಕ್ಕೂ ತಲೆಯ ಮೇಲಿಟ್ಟು ನಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ತಾಯಂದಿರು ಬಲ್ಲರು. ಕ್ಲಾಸಿಕ್ 350ರ ಆಸನ ನೆಲದಿಂದ 805 ಮಿಲಿಮೀಟರು. ಹಿಮಾಲಯನ್ 450 ಎಂಬ ಬೆಟ್ಟದ ವಾಹನವು ತೂಕದಲ್ಲಿ ಅದಕ್ಕಿಂತ ಒಂದೇ ಕಿಲೋ ಹೆಚ್ಚು, 196. ಆದರೆ ಆಸನ 825 ಮಿಲಿಮೀಟರು, ಮೈಕಟ್ಟೂ ಎತ್ತರ. ಐದಡಿ ಮೂರಂಗುಲದವನು ಮೊದಲನೆಯದರ ಮೇಲೆ ಕಷ್ಟಪಟ್ಟು ನಿಂತಾನು. ಎರಡನೆಯದರ ಮೇಲೆ ಬೆರಳ ತುದಿಯಲ್ಲಿ ನಿಲ್ಲಬೇಕು. ಇದಕ್ಕೆ ವ್ಯತಿರಿಕ್ತವಾಗಿ 241 ಕಿಲೋದ ಸೂಪರ್ ಮೀಟಿಯರಿನ ಆಸನ 740 ಮಿಲಿಮೀಟರಿನಷ್ಟು ತಗ್ಗು. ಎರಡು ಅಂಗಾಲೂ ನೆಲಕ್ಕೆ ಊರುವುದರಿಂದ, ನಿಂತ ಸ್ಥಳದಲ್ಲಿ ಅದು ತನ್ನ ಅಂಕಿಯಷ್ಟು ಭಯಂಕರವಲ್ಲ. ಆದರೆ ಗಲ್ಲಿಯಲ್ಲಿ ಹಿಂದಕ್ಕೆ ತಳ್ಳಹೊರಟಾಗ ಅದರ ನಿಜರೂಪ ಗೋಚರವಾಗುತ್ತದೆ. ಪೆಟ್ರೋಲು ಕೂಡ ಈ ಲೆಕ್ಕದಲ್ಲಿ ಸೇರಿದೆ. ಕ್ಲಾಸಿಕ್ಕಿನ ಟ್ಯಾಂಕಿಗೆ ಹಿಡಿಯುವ 13 ಲೀಟರಿನ ತೂಕ ಒಂಬತ್ತೂವರೆ ಕಿಲೋದ ಸಮೀಪ. ಅದು ವಾಹನದ ನೆತ್ತಿಯ ಮೇಲೆಯೇ ಕೂರುತ್ತದೆ. ತುಂಬಿದ ಟ್ಯಾಂಕಿನ ದಿನ ಗಾಡಿ ಸ್ವಲ್ಪ ಒರಟಾಗಿದೆಯೆಂದು ಹೇಳುವ ಹಳೆಯ ಸವಾರರು ಭ್ರಮೆಯಿಂದ ಹೇಳುವುದಿಲ್ಲ.

ಓಡತೊಡಗಿದ ಮೇಲೆ

ಗಂಟೆಗೆ ಇಪ್ಪತ್ತು ಕಿಲೋಮೀಟರು ದಾಟಿತೋ ಇಲ್ಲವೋ, ಈ ಭಾರವೆಲ್ಲ ಮಾಯವಾದಂತೆ ಆಗುತ್ತದೆ. ವೇಗ ಬಂದ ಮೇಲೆ ವಾಹನವನ್ನು ನೆಟ್ಟಗೆ ಹಿಡಿಯುವವನು ಸವಾರನಲ್ಲ; ತಿರುಗುವ ಗಾಲಿಗಳೂ, ಮುಂದಿನ ಗಾಲಿಯು ಬಾಗಿದ ಕಡೆಗೆ ತಾನೇ ಹೊರಳಿ ವಾಹನದ ಕೆಳಗೆ ಬಂದು ನಿಲ್ಲುವಂತೆ ಇಟ್ಟಿರುವ ಮುಂಗವೆಯ ಓರೆಯೂ ಆ ಕೆಲಸವನ್ನು ಮಾಡುತ್ತವೆ. ಆಮೇಲೆ ತೂಕವು ಹೊರೆಯಾಗದೆ ಗಾಂಭೀರ್ಯವಾಗುತ್ತದೆ. ಪೂರ್ವ ಕರಾವಳಿಯ ರಸ್ತೆಯಲ್ಲಿ ಮಹಾಬಲಿಪುರದ ಕಡೆಗೆ ಹೋಗುವಾಗ ಎಡಗಡೆಯಿಂದ ಬೀಸುವ ಸಮುದ್ರದ ಗಾಳಿಗೆ ನೂರು ಕಿಲೋದ ವಾಹನವು ಅಡ್ಡಕ್ಕೆ ಸರಿಯುತ್ತದೆ, ಬುಲೆಟ್ಟು ತಲೆ ಅಲ್ಲಾಡಿಸಿ ಮುಂದೆ ಹೋಗುತ್ತದೆ. ಬೆಂಗಳೂರಿನ ಹೆದ್ದಾರಿಯಲ್ಲಿ ಲಾರಿಯೊಂದು ಪಕ್ಕದಿಂದ ನುಗ್ಗಿದಾಗ ಎಬ್ಬಿಸುವ ಗಾಳಿಯ ಹೊಡೆತಕ್ಕೂ ಇದೇ ಮಾತು. ಸಣ್ಣ ಗುಂಡಿಗಳ ವಿಷಯದಲ್ಲಿಯೂ ಹಾಗೆಯೇ: ಗಾಲಿ ಎದ್ದು ಬಿದ್ದರೂ ಸ್ಪ್ರಿಂಗುಗಳ ಮೇಲೆ ಕುಳಿತ ಭಾರವಾದ ಮೈ ಅಷ್ಟಾಗಿ ಕುಲುಕುವುದಿಲ್ಲ.

ಬುಲೆಟ್ಟಿನ ಸುಖಕ್ಕೆ ಇನ್ನೊಂದು ಗುಟ್ಟಿದೆ. ಹಳೆಯ 350ರ ಸಿಲಿಂಡರಿನ ಒಳ ಅಗಲ 70 ಮಿಲಿಮೀಟರು, ಪಿಸ್ಟನ್ನಿನ ಓಡಾಟ 90 ಮಿಲಿಮೀಟರು. ಅಗಲಕ್ಕಿಂತ ಉದ್ದ ಹೆಚ್ಚು. ಅದರ ಜೊತೆಗೆ ಭಾರವಾದ ಫ್ಲೈವ್ಹೀಲು. ಇಂಥ ಎಂಜಿನಿಗೆ ಅವಸರ ತಿಳಿಯದು. ಕಡಿಮೆ ಸುತ್ತುಗಳಲ್ಲಿಯೇ ಅದು ಎಳೆಯುತ್ತದೆ, ಗೇರು ಮೇಲಿಂದ ಮೇಲೆ ಬದಲಿಸಬೇಕಾಗಿಲ್ಲ. ಒಂದೊಂದು ಬಡಿತವೂ ಪ್ರತ್ಯೇಕವಾಗಿ ಕೇಳುತ್ತದೆ. ಆ ಬಡಿತಕ್ಕೆ ಬೇಕಾದ ಕಬ್ಬಿಣವೇ ಆ ತೂಕದ ಒಂದು ಭಾಗ. ತೂಕವನ್ನು ತೆಗೆದುಬಿಟ್ಟು ಬಡಿತವನ್ನು ಮಾತ್ರ ಕೊಡಿರೆಂದು ಕೇಳುವಂತಿಲ್ಲ.

ನಮ್ಮ ಪರಿಚಯದ ಅಡಿಗೆಭಟ್ಟರೊಬ್ಬರ ಹತ್ತಿರ ಹಳೆಯ ಬುಲೆಟ್ ಇದೆ. ಬಲಗಡೆ ಗೇರು, ಎಡಗಡೆ ಬ್ರೇಕು ಇರುವ ಕಾಲದ್ದು. ವಾರದ ರಜೆಯ ದಿನ ನಸುಕಿನಲ್ಲೇ ಎದ್ದು, ಆಂಪಿಯರ್ ಮುಳ್ಳನ್ನು ನೋಡಿ ನಡುವಿಗೆ ತಂದು, ಒಂದೇ ಒದೆತಕ್ಕೆ ಚಾಲೂ ಮಾಡಿ ಅವರು ಕಡಲ ರಸ್ತೆಗೆ ಹೋಗುತ್ತಾರೆ. ಉಳಿದ ಆರು ದಿನ ಕೆಲಸಕ್ಕೆ ಹೋಗುವುದು ಸೈಕಲ್ಲಿನ ಮೇಲೆ. ಯಾಕೆ ಸ್ವಾಮಿ ಹೀಗೆ ಎಂದು ಕೇಳಿದೆವು. "ಇದಕ್ಕೆ ಗಡಿಬಿಡಿ ಇಲ್ಲ ಮಾರಾಯ್ರೆ. ವಾರಕ್ಕೆ ಒಂದು ದಿನ ನನಗೂ ಗಡಿಬಿಡಿ ಇಲ್ಲ" ಎಂದರು. ಭಾರವಾದ ವಾಹನದ ಸುಖವನ್ನು ಇದಕ್ಕಿಂತ ಸರಿಯಾಗಿ ಯಾರೂ ನಮಗೆ ಹೇಳಿಲ್ಲ.

ತಿರುವುಗಳಲ್ಲಿ ಮಾತ್ರ ಹಗುರವಾದುದೇ ರಾಜ. ಓಡುವ ವಾಹನವನ್ನು ಎಡಕ್ಕೆ ತಿರುಗಿಸಬೇಕಾದರೆ ಎಡಗೈಯ ಹಿಡಿಯನ್ನು ಮೆಲ್ಲನೆ ಮುಂದಕ್ಕೆ ಒತ್ತಬೇಕು. ಆಗ ಅದು ಎಡಕ್ಕೆ ವಾಲಿ ತಿರುಗುತ್ತದೆ. ಸವಾರರೆಲ್ಲರೂ ಅರಿಯದೆಯೇ ಇದನ್ನು ಮಾಡುತ್ತಾರೆ. ಹೀಗೆ ವಾಲಿಸಲು ಬೇಕಾಗುವ ಒತ್ತಡವೂ ಸಮಯವೂ ತೂಕದೊಡನೆ ಹೆಚ್ಚುತ್ತವೆ. ಎರಡು ಗಾಲಿಗಳ ನಡುವಿನ ಅಂತರವೂ ಇದರಲ್ಲಿ ಪಾಲುಗಾರ. ಕ್ಲಾಸಿಕ್ಕಿನಲ್ಲಿ ಆ ಅಂತರ 1,390 ಮಿಲಿಮೀಟರು, ಸ್ಪ್ಲೆಂಡರಿನಲ್ಲಿ 1,236. ಆಗುಂಬೆಯ ಹದಿನಾಲ್ಕು ತಿರುವುಗಳನ್ನೋ, ವಾಣಿಯಂಬಾಡಿಯ ಬಳಿ ಹೆದ್ದಾರಿ ಬಿಟ್ಟು ಏರುವ ಏಲಗಿರಿಯ ಹದಿನಾಲ್ಕು ತಿರುವುಗಳನ್ನೋ ಎರಡು ಬಗೆಯ ವಾಹನದಲ್ಲಿಯೂ ಹತ್ತಿದವರು ಇದನ್ನು ಮೈಯಲ್ಲಿ ಬಲ್ಲರು. ಆರ್.ಎಕ್ಸ್. 100ರಂಥ ವಾಹನವು ಸವಾರನು ಎಣಿಸಿದ ಕೂಡಲೆ ತಿರುಗಿರುತ್ತದೆ. ಬುಲೆಟ್ಟಿಗೆ ಮೊದಲೇ ಸೂಚನೆ ಕೊಡಬೇಕು, ಅದು ಯೋಚಿಸಿ ಒಪ್ಪಿಕೊಳ್ಳುತ್ತದೆ. ಆಗುಂಬೆಯ ಕಡಿದಾದ ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ಅರ್ಧಕ್ಕೆ ನಿಲ್ಲಬೇಕಾಗಿ ಬಂದರೆ, ವೇಗ ಅಡಗಿಸಿಟ್ಟಿದ್ದ ಭಾರವೆಲ್ಲ ಒಮ್ಮೆಲೇ ಎದ್ದುಬರುತ್ತದೆ. ಇಳಿಯುವಾಗ ಬುಲೆಟ್ಟಿಗೆ ಒಂದು ಅನುಕೂಲವುಂಟು. ನಾಲ್ಕು ಸ್ಟ್ರೋಕಿನ ದೊಡ್ಡ ಎಂಜಿನು ಕೆಳಗಿನ ಗೇರಿನಲ್ಲಿ ತಾನೇ ಬ್ರೇಕಾಗಿ ಹಿಡಿದು ನಿಲ್ಲುತ್ತದೆ. ಎರಡು ಸ್ಟ್ರೋಕಿನದಕ್ಕೆ ಆ ಹಿಡಿತ ಕಡಿಮೆ.

ಬ್ರೇಕಿನ ಮಾತು ಬಂದುದರಿಂದ ಒಂದು ತಪ್ಪು ತಿಳಿವಳಿಕೆಯನ್ನು ಹೇಳಬೇಕು. ಭಾರವಾದ ವಾಹನ ನಿಲ್ಲಲು ಅದೇ ಪ್ರಮಾಣದಲ್ಲಿ ಹೆಚ್ಚು ದೂರ ಬೇಕೆಂದು ಜನ ತಿಳಿದಿದ್ದಾರೆ. ಬ್ರೇಕೂ ಟೈರೂ ಸರಿಯಾಗಿದ್ದಲ್ಲಿ ಇದು ನಿಜವಲ್ಲ. ಭಾರ ಹೆಚ್ಚಿದಷ್ಟೂ ಟೈರು ನೆಲವನ್ನು ಹೆಚ್ಚು ಒತ್ತಿ ಹಿಡಿಯುತ್ತದೆ. ದೂರವನ್ನು ನಿಜವಾಗಿ ಹೆಚ್ಚಿಸುವುದು ವೇಗ: ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಸಾಗುವ ದೂರ ನಾಲ್ಕರಷ್ಟು. ಆದರೆ ಬ್ರೇಕು ನುಂಗಿಕೊಳ್ಳಬೇಕಾದ ಶಕ್ತಿ ತೂಕದೊಡನೆ ಹೆಚ್ಚುತ್ತದೆ. ಸವಾರನನ್ನೂ ಸೇರಿಸಿ ಒಂದೇ ವೇಗದಲ್ಲಿ ಲೆಕ್ಕ ಹಾಕಿದರೆ ಬುಲೆಟ್ಟಿನ ಬ್ರೇಕಿಗೆ ಸ್ಪ್ಲೆಂಡರಿನ ಒಂದೂವರೆ ಪಾಲು ಕೆಲಸ. ಹಳೆಯ ಬುಲೆಟ್ಟುಗಳ ಡ್ರಮ್ ಬ್ರೇಕುಗಳು ಇಳಿಜಾರಿನಲ್ಲಿ ಕಾದು ಸೋಲುತ್ತಿದ್ದುದು ಇದೇ ಕಾರಣದಿಂದ. 2019ರ ಏಪ್ರಿಲಿನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ವಾಹನಗಳಿಗೆಲ್ಲ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾದುದು ಸವಾರರ ಪುಣ್ಯ. ಹಳೆಯದನ್ನು ಪುದುಪ್ಪೇಟೆಯ ಬಿಡಿಭಾಗಗಳಿಂದ ಜೀವಂತವಾಗಿಟ್ಟುಕೊಂಡಿರುವ ಅಭಿಮಾನಿಗಳು ಈ ಮಾತನ್ನು ಸ್ವಲ್ಪ ಗಮನಿಸಬೇಕು.

ಹಿಂದೆ ಕೂರುವವರು

ಹಗುರವಾದ ವಾಹನಕ್ಕೂ ಒಂದು ದೌರ್ಬಲ್ಯವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಅರುವತ್ತು ಕಿಲೋದ ಸವಾರ, ಅರುವತ್ತು ಕಿಲೋದ ಮಡದಿ ಅಥವಾ ಮಿತ್ರ. ಒಟ್ಟು 120 ಕಿಲೋ. 112 ಕಿಲೋದ ವಾಹನಕ್ಕೆ ಇದು ತನ್ನ ತೂಕಕ್ಕಿಂತಲೂ ಹೆಚ್ಚಿನ ಹೊರೆ. 195 ಕಿಲೋದ ವಾಹನಕ್ಕೆ ಇದು ತನ್ನ ತೂಕದ ಐದರಲ್ಲಿ ಮೂರು ಪಾಲು ಮಾತ್ರ. ಆದುದರಿಂದ ಒಬ್ಬರೇ ಇದ್ದಾಗ ಜಿಂಕೆಯಂತಿದ್ದ ಹಗುರ ವಾಹನವು ಇಬ್ಬರಾದೊಡನೆ ಬೇರೆಯೇ ಪ್ರಾಣಿಯಾಗುತ್ತದೆ: ಏರಿನಲ್ಲಿ ನಿಧಾನ, ಮುಂದಿನ ಗಾಲಿ ಸಡಿಲ, ಹಿಂದೆ ಕುಳಿತವರು ಸ್ವಲ್ಪ ಹೊರಳಿದರೂ ಓಲಾಟ. ಭಾರವಾದುದು ಇಬ್ಬರಿದ್ದರೂ ತನ್ನ ಸ್ವಭಾವವನ್ನು ಅಷ್ಟಾಗಿ ಬದಲಿಸುವುದಿಲ್ಲ. ದಿನವೂ ಇಬ್ಬರು ಹೋಗುವ ಮನೆಯವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಹೊರೆಯನ್ನು ಎಲ್ಲಿ ಇಡಬೇಕೆಂಬ ಪಾಠವನ್ನು ಕಲಿಯಲು ಕೋಯಂಬೇಡಿನ ಮಾರುಕಟ್ಟೆಯ ಮುಂದೆ ನಸುಕಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಬಾಳೆಯೆಲೆಯ ಕಟ್ಟನ್ನೂ ತರಕಾರಿಯ ಮೂಟೆಯನ್ನೂ ಹೊತ್ತು ಹೊರಬರುವುದು ಬುಲೆಟ್ಟಲ್ಲ, ಟಿ.ವಿ.ಎಸ್. ಮೊಪೆಡ್ಡು. ಕರ್ನಾಟಕದ ಗಡಿಗೆ ಹೊಂದಿಕೊಂಡ, ಕನ್ನಡ ಮಾತೂ ಕೇಳಿಬರುವ ಹೊಸೂರಿನಲ್ಲಿ 1980ರಲ್ಲಿ ಟಿ.ವಿ.ಎಸ್. 50 ಆಗಿ ಹುಟ್ಟಿದ ಈ ವಂಶದ ಈಗಿನ ಕುಡಿ, ಎಕ್ಸ್.ಎಲ್. 100, ತೊಂಬತ್ತು ಕಿಲೋ ಕೂಡ ತೂಗುವುದಿಲ್ಲ. ಆದರೂ ಅದು ತನ್ನಷ್ಟೇ ಭಾರವನ್ನು ಹೊತ್ತು ನಡೆಯುತ್ತದೆ. ಗುಟ್ಟು ಇಷ್ಟೆ: ಅದರ ಮೂಟೆ ಕೂರುವುದು ಸವಾರನ ಕಾಲುಗಳ ನಡುವೆ, ಎರಡು ಗಾಲಿಗಳ ಮಧ್ಯದಲ್ಲಿ, ನೆಲಕ್ಕೆ ಅಂಗೈ ದೂರದಲ್ಲಿ. ಅದೇ ಮೂಟೆಯನ್ನು ಹಿಂದಿನ ಗಾಲಿಯ ಅಚ್ಚಿಗಿಂತ ಹಿಂದಕ್ಕೆ ಕಟ್ಟಿದರೆ ಮುಂದಿನ ಗಾಲಿ ನೆಲವನ್ನು ಮರೆಯುತ್ತದೆ. ದೊಡ್ಡ ಎಂಜಿನಿಯರುಗಳು ಬರೆಯುವುದೂ ಇದನ್ನೇ.

ಗಂಟೆಗಳ ಲೆಕ್ಕ

ಈಗ ನಮ್ಮವರ ದಿನಚರಿಯನ್ನು ನೋಡೋಣ. ಹೋಟೆಲಿನವನು ನಾಲ್ಕೂವರೆಗೆ ಎದ್ದು ಹೋಗುತ್ತಾನೆ, ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿ ಬರುತ್ತಾನೆ. ಗುಮಾಸ್ತನು ಮಾಂಬಳದ ಕಡೆಯಿಂದ ಜಾರ್ಜ್ ಟೌನಿಗೋ ಅಂಬತ್ತೂರಿಗೋ ಜನಸಂದಣಿಯ ಹೊತ್ತಿನಲ್ಲಿ ಹೋಗಿಬರುತ್ತಾನೆ. ಇವರ ವಾಹನ ಗಂಟೆಗೆ ಅರುವತ್ತು ಕಿಲೋಮೀಟರಿನಲ್ಲಿ ಓಡುವುದು ದಿನಕ್ಕೆ ಕೆಲವೇ ನಿಮಿಷ. ಉಳಿದುದೆಲ್ಲ ಹತ್ತು, ಹದಿನೈದು, ಸೊನ್ನೆ. ತೂಕವು ಗಾಂಭೀರ್ಯವಾಗುವ ವೇಗ ಇವರಿಗೆ ದೊರೆಯುವುದೇ ಅಪರೂಪ, ತೂಕವು ಹೊರೆಯಾಗುವ ವೇಗವೇ ನಿತ್ಯ. ಊರಿಗೆ ಹೋಗುವಾಗ ಹೆದ್ದಾರಿ ಸಿಕ್ಕುತ್ತದಲ್ಲ ಎನ್ನುವಿರಾದರೆ, ಮಂಗಳೂರಿಗೆ ಬೆಂಗಳೂರಿನ ಮೇಲಾಗಿ ಸುಮಾರು 700 ಕಿಲೋಮೀಟರು. ಮಡದಿ ಮಕ್ಕಳನ್ನೂ ಹಲಸಿನ ಹಪ್ಪಳದ ಕಟ್ಟನ್ನೂ ಕರೆದುಕೊಂಡು ನಮ್ಮವರು ಹೋಗುವುದು ಮಂಗಳೂರು ಮೇಲಿನಲ್ಲಿ, ಇಲ್ಲವೆ ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ಸಿನಲ್ಲಿ. ವರ್ಷಕ್ಕೆ ಎರಡು ದಿನದ ಹೆದ್ದಾರಿಗಾಗಿ ಮುನ್ನೂರು ದಿನ ಗಲ್ಲಿಯಲ್ಲಿ ಮೊಣಕಾಲನ್ನು ಸವೆಸುವುದು ಯಾವ ವ್ಯಾಪಾರ?

ಮಳೆಗಾಲವನ್ನು ಮರೆಯಬಾರದು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯದ ಮಳೆ ಬಿರುಸಾದ ದಿನಗಳಲ್ಲಿ ದೊರೈಸಾಮಿ ಸಬ್‌ವೇ, ಅರಂಗನಾಥನ್ ಸಬ್‌ವೇಗಳಲ್ಲಿ ನೀರು ನಿಲ್ಲುವುದುಂಟು. 2015ರ ಡಿಸೆಂಬರಿನ ಪ್ರಳಯವನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀರು ಕುಡಿದು ನಿಂತ ವಾಹನವನ್ನು ತಳ್ಳಲೇಬೇಕು. ಸಮನೆಲದಲ್ಲಿ 195 ಕಿಲೋದ ವಾಹನವನ್ನು ತಳ್ಳಲು ಹೆಚ್ಚೇನೂ ಬಲ ಬೇಡ. ಆದರೆ ಇಪ್ಪತ್ತು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಸುಮಾರು ಹದಿನಾಲ್ಕು ಕಿಲೋ ಬಲವನ್ನು ಬಿಡದೆ ಹಾಕುತ್ತಿರಬೇಕು. 112 ಕಿಲೋದ್ದಕ್ಕೆ ಎಂಟು ಸಾಕು. ಮೊಣಕಾಲೆತ್ತರದ ನೀರಿನಲ್ಲಿ, ಕಾಣದ ನೆಲದ ಮೇಲೆ, ಹದಿನಾರು ಗಂಟೆ ನಿಂತು ದುಡಿದು ಬಂದ ಕಾಲುಗಳಿಂದ.

ನಮ್ಮ ಅಭಿಪ್ರಾಯವನ್ನು ಮರೆಮಾಚದೆ ಹೇಳುವುದಾದರೆ, ನಗರದ ಕೆಲಸಕ್ಕಾಗಿ ಒಂದೇ ವಾಹನವನ್ನು ಇಟ್ಟುಕೊಳ್ಳುವವರಿಗೆ ನೂರ ಹತ್ತರಿಂದ ನೂರ ಐವತ್ತು ಕಿಲೋದೊಳಗಿನದು ಸಾಕು. ಅದನ್ನು ಏರಿದವನು ಸಣ್ಣವನಾಗುವುದಿಲ್ಲ. ಭಾರವೇ ಗಂಡಸುತನದ ಗುರುತೆಂಬ ಮಾತಿನಲ್ಲಿ ನಮಗೆ ವಿಶ್ವಾಸವಿಲ್ಲ; ಇದೇ ನಗರದಲ್ಲಿ ಹೆಣ್ಣುಮಕ್ಕಳು ಬುಲೆಟ್ಟನ್ನು ಸೊಗಸಾಗಿ ನಡೆಸುತ್ತಾರೆ, ಮೊಪೆಡ್ಡಿನ ಮೇಲೆ ಮೂಟೆ ಸಾಗಿಸುವವನ ತೋಳನ್ನು ನೋಡಿದರೆ ಬುಲೆಟ್ಟಿನವನು ನಾಚಬೇಕು. ಭಾರವಾದ ವಾಹನವನ್ನೇ ಮನಸ್ಸು ಬಯಸಿದಲ್ಲಿ ಬಯಸಲಿ. ನಾವು ಬೇಡವೆನ್ನುವುದಿಲ್ಲ. ಆದರೆ ಕೊಳ್ಳುವ ಮುನ್ನ ಅದನ್ನು ಪರೀಕ್ಷಿಸುವ ರೀತಿ ಬೇರೆ ಇರಬೇಕು.

ಅಂಗಡಿಗೆ ಬೆಳಿಗ್ಗೆ ಮಿಂದು, ಇಸ್ತ್ರಿಯ ಅಂಗಿ ತೊಟ್ಟು ಹೋಗಬಾರದು. ಕೆಲಸ ಮುಗಿಸಿ, ಕಾಲು ಸೋತಿರುವಾಗ ಹೋಗಬೇಕು. ಎಂಜಿನು ಆರಿಸಿದ ವಾಹನವನ್ನು ಹತ್ತು ಹೆಜ್ಜೆ ಮುಂದಕ್ಕೆ, ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡಬೇಕು. ಅಂಗಡಿಯ ಮುಂದೆ ಇಳಿಜಾರಿದ್ದರೆ ಅಲ್ಲಿಯೇ ಹಿಮ್ಮೆಟ್ಟಿಸಿ ನೋಡಬೇಕು. ನಡುವಿನ ಸ್ಟ್ಯಾಂಡ್ ಇದ್ದಲ್ಲಿ ಅದರ ಮೇಲೆ ನಿಲ್ಲಿಸಬೇಕು. ಇದು ಕೈಬಲದ ಕೆಲಸವಲ್ಲ. ಸ್ಟ್ಯಾಂಡಿನ ತುದಿಯ ಮೇಲೆ ಪಾದವಿಟ್ಟು ಮೈಯ ಭಾರವನ್ನೆಲ್ಲ ಅಲ್ಲಿಗೆ ಇಳಿಸಿದರೆ ವಾಹನ ತಾನೇ ಏಳುತ್ತದೆ, ಕೈಗಳು ದಾರಿ ತೋರಿಸಿದರೆ ಸಾಕು. ಓಡಿಸಿ ನೋಡುವಾಗ ಹೆದ್ದಾರಿಯ ಕಡೆಗೆ ಹೋಗಬೇಡಿರಿ. ನೀವು ವಾಸವಾಗಿರುವ ಬೀದಿಯಷ್ಟು ಅಗಲದ ಬೀದಿಯಲ್ಲಿ, ಕಾಲು ಊರದೆ ಹಿಂದಕ್ಕೆ ತಿರುಗಿ ಬರಲು ಆಗುತ್ತದೆಯೇ ನೋಡಿರಿ. ಆಮೇಲೆ ದಿನವೂ ಹಿಂದೆ ಕೂರುವವರನ್ನು ಕೂರಿಸಿಕೊಂಡು ಅದನ್ನೇ ಮಾಡಿರಿ.

ಬಿದ್ದ ವಾಹನವನ್ನು ಎತ್ತುವ ಕ್ರಮವನ್ನೂ ಅರಿತಿರಬೇಕು, ಏಕೆಂದರೆ ಒಂದಲ್ಲ ಒಂದು ದಿನ ಅದು ಮಗ್ಗುಲಾಗಿಯೇ ತೀರುತ್ತದೆ. ಬೀಳುತ್ತಿರುವುದನ್ನು ಕೈಯಲ್ಲಿ ಹಿಡಿದು ನಿಲ್ಲಿಸಹೋಗಬಾರದು. ಕಾಲನ್ನು ತಪ್ಪಿಸಿಕೊಂಡು ಬಿಟ್ಟುಬಿಡಬೇಕು. ಬಿದ್ದ ಮೇಲೆ ಮೊದಲು ಎಂಜಿನನ್ನು ಆರಿಸಿ, ಸಾಧ್ಯವಾದರೆ ಗೇರಿನಲ್ಲಿ ಇಡಬೇಕು, ಉರುಳದಿರಲೆಂದು. ಬಲಮಗ್ಗುಲಿಗೆ ಬಿದ್ದಿದ್ದರೆ ಎಡಗಡೆಯ ಸ್ಟ್ಯಾಂಡನ್ನು ಆಗಲೇ ಹೊರಗೆಳೆದಿಡಬೇಕು. ಇಲ್ಲವಾದರೆ ಎತ್ತಿದ ಭರಕ್ಕೆ ಅದು ಆ ಕಡೆಗೂ ಮಗುಚಿಕೊಳ್ಳುವುದುಂಟು. ಬಳಿಕ ವಾಹನಕ್ಕೆ ಬೆನ್ನು ಮಾಡಿ ಆಸನಕ್ಕೆ ಸೊಂಟವನ್ನು ಒತ್ತಿ ಕುಕ್ಕರಗಾಲಿನಲ್ಲಿ ಕೂರಬೇಕು. ಒಂದು ಕೈಯಲ್ಲಿ ನೆಲದ ಕಡೆಯ ಹ್ಯಾಂಡಲಿನ ತುದಿ, ಇನ್ನೊಂದರಲ್ಲಿ ಹಿಂಬದಿಯ ಗಟ್ಟಿಯಾದ ಕಂಬಿ. ಬೆನ್ನನ್ನು ಬಗ್ಗಿಸದೆ ಸಣ್ಣ ಸಣ್ಣ ಹೆಜ್ಜೆಗಳನ್ನು ಹಿಂದಕ್ಕೆ ಇಡುತ್ತ ಕಾಲಿನ ಬಲದಿಂದ ಏಳಬೇಕು. ಅಕ್ಕಿಮೂಟೆ ಹೊರುವವರು ಏಳುವ ಹಾಗೆ. ಹೊಸ ವಾಹನದ ಮೇಲೆ ಇದನ್ನು ಅಭ್ಯಾಸ ಮಾಡಲು ಅಂಗಡಿಯವರು ಬಿಡಲಾರರು. ಮಿತ್ರರ ಹಳೆಯ ಗಾಡಿಯೊಂದನ್ನು ಹಳೆಯ ಹಾಸಿಗೆಯ ಮೇಲೆ ಮೆಲ್ಲನೆ ಮಲಗಿಸಿ, ಇಬ್ಬರು ಜೊತೆಗಿರುವಾಗ ಒಮ್ಮೆ ಎತ್ತಿ ನೋಡುವುದು ಲೇಸು.